ಓದುಗರ ಪ್ರಶ್ನೆ: ಎಂಆರ್‌ಐಯಲ್ಲಿ ಬಿಳಿ ಕಲೆ ಕಂಡರೆ ಮರೆವಿನ ಕಾಯಿಲೆ ಬರುತ್ತದೆಯೇ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ತಂದೆಗೆ 70 ದಾಟಿದೆ, ಹಳೆಯ ಬಿಪಿ. ತಲೆಸುತ್ತು ಎಂದು ಹಾಸನದಲ್ಲಿ ಎಂಆರ್‌ಐ ಮಾಡಿಸಿದಾಗ ವರದಿಯಲ್ಲಿ ‘ಸ್ಮಾಲ್ ವೆಸೆಲ್ ಇಸ್ಕೀಮಿಕ್ ಚೇಂಜಸ್’ ಎಂದು ಬರೆದಿದ್ದರು. ಕೇಳಿದರೆ ‘ವಯಸ್ಸಿಗೆ ಸಹಜ’ ಎಂದರು. ಇದು ಡಿಮೆನ್ಷಿಯಾದ, ಅಂದರೆ ಮರೆವಿನ ಕಾಯಿಲೆಯ, ಆರಂಭವೇ?

ಉತ್ತರ: ಮೆದುಳಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ಸಾಲದೆ ಆದ ಬದಲಾವಣೆ ಎಂಬುದು ವರದಿಯ ಆ ಸಾಲಿನ ಅರ್ಥ; ಎಂಆರ್‌ಐಯಲ್ಲಿ ಅದು ಬಿಳಿ ಕಲೆಗಳಾಗಿ ಕಾಣುತ್ತದೆ. ಆ ಒಂದು ಸಾಲಿನಿಂದ ಡಿಮೆನ್ಷಿಯಾ ಇದೆ ಎಂದು ಹೇಳಲು ಬರುವುದಿಲ್ಲ. ಬಂದೇ ಬರುತ್ತದೆ ಎಂದೂ ಹೇಳಲಾಗದು. ಅರವತ್ತು ದಾಟಿದ ಬಹುಪಾಲು ಜನರ ಎಂಆರ್‌ಐಯಲ್ಲಿ ಇಂಥ ಬಿಳಿ ಕಲೆಗಳು ಅಷ್ಟೋ ಇಷ್ಟೋ ಇದ್ದೇ ಇರುತ್ತವೆ. ಆದರೆ ‘ಸಹಜ’ ಎಂಬ ಮಾತು ಕೇಳಿ ವರದಿಯನ್ನು ಬೀರುವಿಗೆ ಸೇರಿಸಿಬಿಡುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ತಂದೆಗೆ ಹಳೆಯ ಬಿಪಿ ಇದೆ ಎಂದಿದ್ದೀರಿ. ಗಮನವೆಲ್ಲ ಹೋಗಬೇಕಾದದ್ದು ಅಲ್ಲಿಗೆ.

ಮೆದುಳಿನ ತೂಕ ದೇಹದ ತೂಕದ ಶೇ. 2ರಷ್ಟು ಮಾತ್ರ, ಬಳಸುವ ಆಮ್ಲಜನಕ ಸುಮಾರು ಶೇ. 20. ಅದನ್ನು ಒಳಭಾಗಕ್ಕೆ ಮುಟ್ಟಿಸುವುದು ಒಂದು ಮಿಲಿಮೀಟರಿಗಿಂತಲೂ ಸಪೂರವಾದ ರಕ್ತನಾಳಗಳು. ವರ್ಷಗಟ್ಟಲೆ ರಕ್ತದೊತ್ತಡ ಹೆಚ್ಚಿದ್ದರೆ ಇವುಗಳ ಗೋಡೆ ದಪ್ಪವಾಗಿ, ಗಡುಸಾಗಿ, ಒಳದಾರಿ ಕಿರಿದಾಗುತ್ತದೆ. ಸಕ್ಕರೆ ಕಾಯಿಲೆ, ಬೀಡಿ, ಸಿಗರೇಟು ಇದ್ದರೆ ಹಾನಿ ಇನ್ನೂ ಬೇಗ. ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಇದನ್ನು ವಿವರಿಸುವುದು ಸುಲಭ: ಮುಖ್ಯ ಪೈಪಿನಲ್ಲಿ ನೀರು ಜೋರಾಗಿಯೇ ಬರುತ್ತಿರುತ್ತದೆ, ತುದಿಯ ಸಣ್ಣ ರಂಧ್ರ ಕಟ್ಟಿಕೊಂಡ ಗಿಡ ಮಾತ್ರ ಒಣಗುತ್ತದೆ. ಕುತ್ತಿಗೆಯ ದೊಡ್ಡ ರಕ್ತನಾಳಗಳ ಸ್ಕ್ಯಾನ್ ಸರಿಯಾಗಿದ್ದರೂ ಮೆದುಳಿನೊಳಗೆ ತೊಂದರೆ ಇರಬಹುದಾದದ್ದು ಇದೇ ಕಾರಣಕ್ಕೆ.

ಹೆಚ್ಚು ಪೆಟ್ಟು ಬೀಳುವುದು ಮೆದುಳಿನ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ನರತಂತುಗಳಿಗೆ. ಆದ್ದರಿಂದ ಇಲ್ಲಿ ಮೊದಲು ಕೈಕೊಡುವುದು ಅನೇಕ ವೇಳೆ ನೆನಪಲ್ಲ, ವೇಗ. ಕೂಲಿಯವರ ಬಟವಾಡೆ ಲೆಕ್ಕವನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದವರು ಬೆಳಗೆಲ್ಲ ಅದರ ಮುಂದೆ ಕೂರುತ್ತಾರೆ. ಒಂದು ಕೆಲಸದ ನಡುವೆ ಫೋನ್ ಬಂದರೆ ಮತ್ತೆ ಆ ಕೆಲಸಕ್ಕೆ ಮರಳುವುದು ಕಷ್ಟವಾಗುತ್ತದೆ. ಹೆಸರು ತಟ್ಟನೆ ಹೊಳೆಯದಿದ್ದರೂ ಒಂದು ಸುಳಿವು ಕೊಟ್ಟರೆ ಹೇಳುತ್ತಾರೆ. ಡಿಮೆನ್ಷಿಯಾಕ್ಕೆ ಅತಿ ಸಾಮಾನ್ಯ ಕಾರಣವಾದ ಆಲ್‌ಝೈಮರ್ ಕಾಯಿಲೆಯಲ್ಲಿ ಸುಳಿವು ಅಷ್ಟಾಗಿ ನೆರವಿಗೆ ಬರುವುದಿಲ್ಲ. ನಡಿಗೆಯಲ್ಲಿ ಹೆಜ್ಜೆಗಳು ಚಿಕ್ಕದಾಗುತ್ತವೆ, ಪಾದ ನೆಲಕ್ಕೆ ಅಂಟಿದಂತೆ ಕಾಣುತ್ತದೆ. ಮೂತ್ರಕ್ಕೆ ಅವಸರವಾಗುತ್ತದೆ. ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಉತ್ಸಾಹ ಬತ್ತುವ ಲಕ್ಷಣ. ಮಳೆ, ಮೆಣಸು, ಕಾಫಿಯ ದರ ಎಂದು ದಿನವಿಡೀ ಮಾತಾಡುತ್ತಿದ್ದ ಮನುಷ್ಯ ಸುಮ್ಮನೆ ಜಗಲಿಯಲ್ಲಿ ಕೂತಿದ್ದರೆ ಮನೆಯವರು ಅದನ್ನು ಸೋಮಾರಿತನ ಎಂದೋ ಹಟ ಎಂದೋ ಭಾವಿಸಿ ಗದರುತ್ತಾರೆ. ದಯವಿಟ್ಟು ಗದರಬೇಡಿ, ವೈದ್ಯರಿಗೆ ಹೇಳಿ.

ಡಿಮೆನ್ಷಿಯಾಕ್ಕೂ ಇದಕ್ಕೂ ಇರುವ ನಂಟು ಗಟ್ಟಿಯಾದದ್ದೇ. ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಸಣ್ಣ ರಕ್ತನಾಳಗಳ ಹಾನಿಯ ಪಾಲು ಇರುತ್ತದೆ ಎಂಬ ಅಂದಾಜಿದೆ. ಅದೊಂದೇ ಕಾರಣವಾಗಿರುವುದಕ್ಕಿಂತ ಆಲ್‌ಝೈಮರ್ ಜೊತೆ ಸೇರಿಕೊಂಡಿರುವುದೇ ಹೆಚ್ಚು. ಆಲ್‌ಝೈಮರ್ ಬದಲಾವಣೆಗಳಿದ್ದೂ ಹೇಗೋ ನಿಭಾಯಿಸುತ್ತಿದ್ದ ಮೆದುಳು, ರಕ್ತನಾಳದ ತೊಂದರೆಯೂ ಸೇರಿದಾಗ ಬೇಗ ಸೋಲುತ್ತದೆ. ಎಷ್ಟು ಹಾನಿಯಾಗಿದೆ ಎಂದು ತಿಳಿಯಲು ವರದಿಯಲ್ಲಿ ‘ಫಝೆಕಾಸ್’ ಎಂಬ ಶ್ರೇಣಿ ಇದೆಯೇ ನೋಡಿ. 1 ಎಂದರೆ ಅಲ್ಲಲ್ಲಿ ಚುಕ್ಕೆ, 3 ಎಂದರೆ ಕಲೆಗಳು ಒಂದಕ್ಕೊಂದು ಕೂಡಿಕೊಂಡು ಹರಡಿವೆ ಎಂದರ್ಥ. ಬರೆದಿಲ್ಲದಿದ್ದರೆ ಕೇಳಿ ತಿಳಿದುಕೊಳ್ಳಿ.

ಇನ್ನು ಮಾಡಬಹುದಾದದ್ದು. ಬಿದ್ದ ಕಲೆಯನ್ನು ಅಳಿಸುವ ಮಾತ್ರೆ ಇಲ್ಲ. ಹೊಸ ಕಲೆ ಬೀಳುವ ವೇಗವನ್ನು ತಗ್ಗಿಸಬಹುದು. ಅಮೆರಿಕದಲ್ಲಿ 9,300ಕ್ಕೂ ಹೆಚ್ಚು ಜನರ ಮೇಲೆ ನಡೆದ ‘ಸ್ಪ್ರಿಂಟ್’ ಅಧ್ಯಯನದಲ್ಲಿ ಒಂದು ಗುಂಪಿನವರ ಮೇಲಿನ ಬಿಪಿಯನ್ನು 140ಕ್ಕಿಂತ, ಇನ್ನೊಂದರವರದ್ದನ್ನು 120ಕ್ಕಿಂತ ಕೆಳಗಿಳಿಸುವ ಗುರಿ ಇಟ್ಟುಕೊಂಡಿದ್ದರು. 2019ರಲ್ಲಿ ಬಂದ ಫಲಿತಾಂಶದ ಪ್ರಕಾರ, 120ರ ಗುಂಪಿನಲ್ಲಿ ಡಿಮೆನ್ಷಿಯಾಕ್ಕೆ ಮುಂಚಿನ ಹಂತವಾದ ಸೌಮ್ಯ ಬುದ್ಧಿಶಕ್ತಿ ಕುಸಿತದ ಸಾಧ್ಯತೆ ಶೇ. 19ರಷ್ಟು ತಗ್ಗಿತು, ಬಿಳಿ ಕಲೆಗಳ ಬೆಳವಣಿಗೆಯೂ ನಿಧಾನವಾಯಿತು. ಡಿಮೆನ್ಷಿಯಾ ಕಡಿಮೆಯಾಯಿತು ಎಂದು ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ; ಅದನ್ನೂ ಹೇಳಬೇಕು. ನಿಮ್ಮ ತಂದೆಗೆ ಯಾವ ಗುರಿ ಸರಿ ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಎದ್ದು ನಿಂತಾಗ ತಲೆಸುತ್ತು ಬರುವುದಾದರೆ ನಿಂತಾಗಿನ ಬಿಪಿಯನ್ನೂ ನೋಡಿಸಿ.

ನಮ್ಮ ಕಡೆ ಬಿಪಿ ಹತೋಟಿ ತಪ್ಪುವ ದಾರಿಗಳು ಗೊತ್ತಿರುವವೇ. ‘ಈಗ ನಾರ್ಮಲ್ ಇದೆ’ ಎಂದು ಮಾತ್ರೆ ನಿಲ್ಲಿಸುತ್ತಾರೆ. ನಾರ್ಮಲ್ ಆಗಿದ್ದದ್ದು ಆ ಮಾತ್ರೆಯಿಂದಲೇ! ಮಲೆನಾಡಿನ ಮಳೆ ಹಿಡಿದರೆ ಆಸ್ಪತ್ರೆಗೆ ಹೋಗುವುದು ಮುಂದಕ್ಕೆ ಬೀಳುತ್ತದೆ, ನಡಿಗೆ ನಿಲ್ಲುತ್ತದೆ. ಚಳಿಗೆ ಬಿಪಿ ಏರುವುದೂ ಉಂಟು. ಜೂನ್‌ಗೆ ಮೊದಲೇ ಮಾತ್ರೆಗಳನ್ನು ತಂದಿಟ್ಟುಕೊಳ್ಳಿ. ದಿನಕ್ಕೆ 5 ಗ್ರಾಂ ಉಪ್ಪು ಮಿತಿ. ಗಂಜಿಯ ಜೊತೆ ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಇದ್ದರೆ ಆ ಮಿತಿ ಒಂದೇ ಊಟದಲ್ಲಿ ಮುಗಿಯಬಹುದು.

ಯಾರೋ ಹೇಳಿದರೆಂದು ಆಸ್ಪಿರಿನ್ ಶುರುಮಾಡಬೇಡಿ. ಪಾರ್ಶ್ವವಾಯು, ಹೃದಯಾಘಾತ ಯಾವುದೂ ಆಗದೆ ಸ್ಕ್ಯಾನಿನಲ್ಲಿ ಮಾತ್ರ ಕಲೆ ಇರುವವರಿಗೆ ಅದರಿಂದ ಲಾಭ ಎಂಬುದಕ್ಕೆ ಪುರಾವೆ ಇಲ್ಲ, ರಕ್ತಸ್ರಾವದ ಅಪಾಯವಂತೂ ಇದೆ. ಮರೆವು ನಿಜಕ್ಕೂ ಇದ್ದರೆ ವಿಟಮಿನ್ ಬಿ12, ಥೈರಾಯ್ಡ್, ಕಿವಿ ಪರೀಕ್ಷೆ ಆಗಲಿ. ಖಿನ್ನತೆ ಇದೆಯೇ, ನಿದ್ದೆ ಮಾತ್ರೆ ನುಂಗುತ್ತಿದ್ದಾರೆಯೇ ಎಂಬುದನ್ನೂ ವೈದ್ಯರು ನೋಡಲಿ. ಇವುಗಳಿಂದ ಬಂದ ಮರೆವು ಚಿಕಿತ್ಸೆಯಿಂದ ಸುಧಾರಿಸಬಹುದು.

ಒಂದು ತುರ್ತಿನ ಸಂಗತಿ ಮನೆಮಂದಿಗೆಲ್ಲ ತಿಳಿದಿರಲಿ. ಈ ಸಣ್ಣ ನಾಳಗಳಲ್ಲೊಂದು ತಟ್ಟನೆ ಮುಚ್ಚಿಕೊಂಡರೆ ಮುಖ ಒಂದು ಕಡೆ ಜೋಲಬಹುದು, ಕೈಕಾಲಿನ ಬಲ ಹೋಗಬಹುದು, ಮಾತು ತೊದಲಬಹುದು, ಅಥವಾ ಅರ್ಧ ದೇಹ ಜೋಮು ಹಿಡಿಯಬಹುದು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ತೋಟದ ಮನೆಯಿಂದ ಹಾಸನ ತಲುಪಲು ಹಿಡಿಯುವ ಹೊತ್ತನ್ನು ಈಗಲೇ ಲೆಕ್ಕ ಹಾಕಿಡಿ. ಲಕ್ಷಣ ಕಂಡ ಕೂಡಲೇ 108ಕ್ಕೆ ಕರೆ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ.