ಮೈ ತಣ್ಣಗಿದ್ದರೂ ಸೋಂಕಿರಬಹುದು

ಪ್ರಶ್ನೆ: ನಮ್ಮಪ್ಪನಿಗೆ 74 ವರ್ಷ. ಎರಡು ದಿನದಿಂದ ಊಟ ಬಿಟ್ಟಿದ್ದಾರೆ, ಏನೇನೋ ಮಾತಾಡ್ತಾರೆ. ಮೈ ಮುಟ್ಟಿ ನೋಡಿದೆ, ತಣ್ಣಗಿದೆ. ಜ್ವರ ಇಲ್ಲ ಅಂದಮೇಲೆ ಇದು ವಯಸ್ಸಿನ ಸುಸ್ತು ಅಲ್ವಾ?

ಉತ್ತರ: ಈ ಪ್ರಶ್ನೆ ಮಾನ್ವಿಯಿಂದ ಬಂದಿದೆ. ಸಿಂಧನೂರು, ದೇವದುರ್ಗ, ಲಿಂಗಸುಗೂರು ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ಎಷ್ಟು ಸಲ ಬರೆದರೂ ಮುಗಿಯುತ್ತಿಲ್ಲ. ಅದಕ್ಕೇ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅಪ್ಪನನ್ನು ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉಳಿದದ್ದನ್ನು ಆಮೇಲೆ ಓದಿ.

ಜ್ವರ ಇಲ್ಲ ಅಂದರೆ ಸೋಂಕಿಲ್ಲ ಅನ್ನೋ ನಂಬಿಕೆಯೇ ಇಲ್ಲಿರುವ ದೊಡ್ಡ ತೊಡಕು. ಜ್ವರ ಬರಿಸುವುದು ನಮ್ಮ ದೇಹವೇ. ರೋಗಾಣು ಒಳಗೆ ಬಂದಾಗ ಬಿಳಿ ರಕ್ತಕಣಗಳು ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಆ ಸುದ್ದಿ ಮೆದುಳಿಗೆ ಮುಟ್ಟುತ್ತದೆ. ಮೈ ಎಷ್ಟು ಬಿಸಿ ಇರಬೇಕು ಅನ್ನೋ ಮಟ್ಟವನ್ನು ಮೆದುಳು ಏರಿಸುತ್ತದೆ. ಆಗ ಚಳಿ ಹತ್ತುತ್ತದೆ, ಸ್ನಾಯುಗಳು ಗಡಗಡ ನಡುಗಿ ಶಾಖ ಹುಟ್ಟಿಸುತ್ತವೆ. ವಯಸ್ಸಾದಂತೆ ಇದರಲ್ಲಿ ಒಂದೊಂದು ಹಂತವೂ ಮಂಕಾಗುತ್ತದೆ. ಸುದ್ದಿ ಕಳಿಸುವುದು ಕಮ್ಮಿ, ಮೆದುಳು ಓಗೊಡುವುದು ಕಮ್ಮಿ, ನಡುಗೋಕೆ ಬೇಕಾದ ಸ್ನಾಯುವೂ ಕಮ್ಮಿ. ಜೋಳದ ಹೊಲದಲ್ಲಿ ಹಕ್ಕಿ ಕಾಯುವವನ ಕೂಗು ಕೇಳಿಸಲಿಲ್ಲ ಅಂದರೆ ಹಕ್ಕಿ ಬಂದಿಲ್ಲ ಅಂತೀರಾ? ಅವನ ದನಿಯೇ ಬಿದ್ದುಹೋಗಿರಬಹುದಲ್ಲ.

ಗಂಭೀರ ಸೋಂಕು ತಗುಲಿದ 100 ವೃದ್ಧರಲ್ಲಿ ಸುಮಾರು 20ರಿಂದ 30 ಜನರಿಗೆ ಜ್ವರ ಸರಿಯಾಗಿ ಏರುವುದೇ ಇಲ್ಲ. ಇನ್ನೊಂದು ವಿಷಯ. ಅನೇಕ ಹಿರಿಯರ ಮೈಶಾಖ ಆರೋಗ್ಯವಾಗಿದ್ದಾಗಲೂ 98.6 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೇ ಇರುತ್ತದೆ. ದಿನಾ 97 ಇರುವ ಅಜ್ಜಿಗೆ 99 ಬಂತು ಅಂದರೆ ಅದು ಜ್ವರವೇ. ಕೈ ಹಿಂದುಮುಂದು ಮಾಡಿ ಹಣೆ ಮುಟ್ಟಿದರೆ ಇದು ಗೊತ್ತಾಗಲ್ಲ. ಥರ್ಮಾಮೀಟರ್ ತನ್ನಿ. ಅವರು ಚೆನ್ನಾಗಿರುವ ದಿನವೇ ಒಮ್ಮೆ ನೋಡಿ, ಬರೆದಿಡಿ. ಅದಕ್ಕಿಂತ 2 ಡಿಗ್ರಿ ಏರಿದರೆ ಸುಮ್ನೆ ಕೂರಬೇಡಿ.

ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನಿಂದ ತಂದು ನುಂಗುವ ಗುಳಿಗೆಗಳದ್ದು ಬೇರೆಯೇ ಕಥೆ. ನೋವಿನ ಗುಳಿಗೆ ಎಷ್ಟೋ ಸಲ ಜ್ವರವನ್ನೂ ಇಳಿಸುತ್ತದೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಡಾಕ್ಟರ ಹತ್ತಿರ ಹೋಗುವಾಗ ಆ ಗುಳಿಗೆ ಚೀಟಿಯನ್ನೂ ಮರೆಯದೆ ಒಯ್ಯಿರಿ.

ಹಾಗಾದರೆ ಏನು ನೋಡಬೇಕು? ಮಾತು ನೋಡಿ. ಎತ್ತು ಮಾರಿ ಎಷ್ಟೋ ವರ್ಷ ಆಗಿದ್ದರೂ ಅಪ್ಪ ಇದ್ದಕ್ಕಿದ್ದಂತೆ ‘ಎತ್ತಿಗೆ ಮೇವು ಹಾಕಿದ್ರೇನು’ ಅಂತ ಕೇಳಿದರೆ ಅದನ್ನು ಅರಳುಮರಳು ಅಂತ ತಳ್ಳಿಹಾಕಬೇಡಿ. ನಿನ್ನೆ ಸರಿಯಿದ್ದು ಇವತ್ತು ಗಲಿಬಿಲಿ ಆದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ನ್ಯುಮೋನಿಯಾ, ಮೂತ್ರದ ಸೋಂಕು, ಸಕ್ಕರೆ ಏರುಪೇರು, ಯಾವುದೂ ಇರಬಹುದು. ಬಚ್ಚಲಲ್ಲಿ ಬೀಳುವುದು, ತುತ್ತು ಬೇಡ ಅನ್ನುವುದು ಕೂಡ ಹೀಗೇ. ಮಲಗಿದಾಗ ಎದೆಯ ಮೇಲಿನ ಕೌದಿ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ದೊಡ್ಡವರ ಉಸಿರು ಸಾಮಾನ್ಯವಾಗಿ 12ರಿಂದ 20. ಅದು 25 ದಾಟಿದರೆ ಬೆಳಗಾಗಲಿ ಅಂತ ಕಾಯಬೇಡಿ.

‘ಅವರು ರೊಟ್ಟಿ ಉಂಡು ಬೆಳೆದ ಗಟ್ಟಿ ಆಳು’ ಅನ್ನೋ ಮಾತೂ ಜೊತೆಗೆ ಬರುತ್ತದೆ. ಗಟ್ಟಿ ಮೈ ಒಳ್ಳೆಯದೇ. ಆದರೆ ಎದೆಮೂಳೆಯ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಇದೆ. ಬಿಳಿ ರಕ್ತಕಣಗಳಲ್ಲೇ ಒಂದು ಬಗೆಯಾದ ಟಿ ಕಣಗಳು ಪಳಗುವುದು ಅಲ್ಲೇ. ಹರೆಯ ಬಂದ ಮೇಲೆ ಅದು ಕುಗ್ಗುತ್ತಾ ಹೋಗಿ ಕೊಬ್ಬಾಗುತ್ತದೆ. ರೊಟ್ಟಿ ಉಂಡವರಿಗೂ ಅಷ್ಟೇ, ಅನ್ನ ಉಂಡವರಿಗೂ ಅಷ್ಟೇ. ಹಳೇ ರೋಗದ ನೆನಪಿರುವ ಕಣಗಳು ಉಳಿಯುತ್ತವೆ, ಹೊಸ ರೋಗ ಗುರುತಿಸುವ ಕಣಗಳು ಕಮ್ಮಿಯಾಗುತ್ತವೆ. ಅದಕ್ಕೇ ಫ್ಲೂ, ನ್ಯುಮೋನಿಯಾ ಲಸಿಕೆಯ ಬಗ್ಗೆ ಹಿರಿಯರು ಡಾಕ್ಟರನ್ನು ಕೇಳಬೇಕು.

ನೀವು ಕೇಳಿಲ್ಲ, ಆದರೂ ನೀರಿನ ಮಾತು ಹೇಳಲೇಬೇಕು. ಜ್ವರದ ಹಾಗೇ ಬಾಯಾರಿಕೆಯೂ ವಯಸ್ಸಾದಂತೆ ಮಂಕಾಗುತ್ತದೆ. ಬೆವರೂ ಕಮ್ಮಿ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅಂಥ ದಿನವೂ ಅಜ್ಜ ‘ನೀರು ಬೇಡ’ ಅಂತಾರೆ. ಬೇಕಾ ಅಂತ ಕೇಳಬೇಡಿ, ಕೈಗೇ ಲೋಟ ಕೊಡಿ. ನೀರಾದರೂ ಸರಿ, ಮಜ್ಜಿಗೆಯಾದರೂ ಸರಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ಡಾಕ್ಟರು ನೀರಿಗೆ ಮಿತಿ ಹಾಕಿದ್ದರೆ ಮಾತ್ರ, ಎಷ್ಟು ಕೊಡಬೇಕು ಅಂತ ಅವರನ್ನೇ ಕೇಳಿ.