ವೇಗಸ್ ನರ: ಮಗುವಿನ ಎದೆಬಡಿತ, ಅಳು, ಹೊಟ್ಟೆನೋವು

ನಿದ್ದೆ ಮಾಡುತ್ತಿರುವ ಎಂಟು ವರ್ಷದ ಮಗುವಿನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ನೋಡಿ. ಮಗು ಉಸಿರು ಎಳೆದುಕೊಂಡಾಗ ಬಡಿತ ಸ್ವಲ್ಪ ಚುರುಕಾಗುತ್ತದೆ. ಬಿಟ್ಟಾಗ ನಿಧಾನವಾಗುತ್ತದೆ. ದೊಡ್ಡವರಿಗಿಂತ ಮಕ್ಕಳಲ್ಲಿ ಈ ಏರಿಳಿತ ಜಾಸ್ತಿ. ಇದನ್ನು ಗಮನಿಸಿ ಗಾಬರಿಯಾಗಿ ಡಾಕ್ಟರ ಹತ್ತಿರ ಓಡುವವರೂ ಇದ್ದಾರೆ. ಡಾಕ್ಟರು ಇಸಿಜಿ ನೋಡಿ, "ಸೈನಸ್ ಅರಿದ್ಮಿಯಾ ಅಂತ ಬರೆದಿದೆ, ಮಕ್ಕಳಲ್ಲಿ ಇದು ಇರೋದೇ, ಹೆದರಬೇಡಿ" ಎಂದು ಕಳಿಸುತ್ತಾರೆ. ಆ ಏರಿಳಿತ ಮಾಡಿಸುವುದು ವೇಗಸ್ ನರ.

ಮೆದುಳಿನಿಂದ ನೇರವಾಗಿ ಹೊರಡುವ ನರಗಳು 12 ಜೊತೆ. ಇದು ಅವುಗಳಲ್ಲಿ 10ನೆಯದು. ವೇಗಸ್ ಅಂದರೆ ಲ್ಯಾಟಿನ್‌ನಲ್ಲಿ ಅಲೆದಾಡುವುದು ಎಂದರ್ಥ. ಉಳಿದವು ಹೆಚ್ಚಾಗಿ ಕಣ್ಣು, ಕಿವಿ, ಮುಖದ ಆಸುಪಾಸಿನಲ್ಲೇ ಮುಗಿದುಹೋಗುತ್ತವೆ. ಇದು ಮಾತ್ರ ಮೆದುಳಿನ ಬುಡದಲ್ಲಿರುವ ಮೆಡುಲ್ಲಾದಿಂದ ಹೊರಟು, ಕುತ್ತಿಗೆಯ ಎರಡೂ ಪಕ್ಕ ದೊಡ್ಡ ರಕ್ತನಾಳಗಳ ಜೊತೆಗೇ ಇಳಿಯುತ್ತದೆ. ಧ್ವನಿಪೆಟ್ಟಿಗೆ, ಹೃದಯ, ಶ್ವಾಸಕೋಶ, ಜಠರ ಎಲ್ಲಕ್ಕೂ ಕವಲು ಕೊಟ್ಟು ದೊಡ್ಡ ಕರುಳಿನವರೆಗೂ ಹೋಗುತ್ತದೆ. ಕಿವಿಗೂ ಒಂದು ಸಣ್ಣ ಕವಲಿದೆ. ಕಿವಿಯೊಳಗೆ ಏನಾದರೂ ತಾಗಿದರೆ ಕೆಲವು ಮಕ್ಕಳಿಗೆ ಕೆಮ್ಮು ಬರುತ್ತದಲ್ಲ, ಅದು ಈ ಕವಲಿನ ಕೆಲಸ.

ಮೆದುಳು ಹೇಳಿದ್ದನ್ನು ದೇಹಕ್ಕೆ ಮುಟ್ಟಿಸುವುದೇ ನರದ ಕೆಲಸ ಎಂದು ನಾವು ಅಂದುಕೊಂಡಿರುತ್ತೇವೆ. ವೇಗಸ್‌ನಲ್ಲಿ ಲೆಕ್ಕ ತಿರುವುಮುರುವು. ಇದರ ಎಳೆಗಳಲ್ಲಿ ಸುಮಾರು 80% ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುತ್ತವೆ. ಹೊಟ್ಟೆ ತುಂಬಿದೆ, ಕರುಳು ಹಿಡಿದುಕೊಂಡಿದೆ, ಉಸಿರು ಸಾಲುತ್ತಿಲ್ಲ, ಎಲ್ಲೋ ಸೋಂಕು ತಗುಲಿದೆ ಎಂಬ ಸುದ್ದಿ ಹೀಗೂ ಮೆದುಳಿಗೆ ಹೋಗುತ್ತದೆ. ಜ್ವರ ಬಂದ ಮಗು ಆಟ ಬಿಟ್ಟು ಮೂಲೆಯಲ್ಲಿ ಮುದುಡಿ ಮಲಗುತ್ತದೆ, ಊಟ ಬೇಡ ಎನ್ನುತ್ತದೆ, ಮಾತಾಡಿಸಿದರೆ ಸಿಡುಕುತ್ತದೆ. ಸೋಂಕಿನ ಸುದ್ದಿ ರಕ್ತದ ಮೂಲಕವೂ ವೇಗಸ್ ಮೂಲಕವೂ ಮೆದುಳಿಗೆ ಮುಟ್ಟಿದಾಗ ಮೆದುಳೇ ಮಗುವನ್ನು ಹೀಗೆ ಸುಮ್ಮನಾಗಿಸುತ್ತದೆ. ಮಗುವಿನ ನಡವಳಿಕೆಯನ್ನು ಅರ್ಥ ಮಾಡಿಕೊಳ್ಳುವಾಗ ಈ ಮೇಲ್ಮುಖದ ದಾರಿಯನ್ನು ನಾವು ಮರೆಯುವುದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಇನ್ನು ಕೆಳಮುಖದ ಕೆಲಸಗಳಲ್ಲಿ ಮುಖ್ಯವಾದದ್ದು ಹೃದಯಕ್ಕೆ ಬ್ರೇಕ್ ಹಾಕುವುದು. ಯಾವ ನರದ ಹಿಡಿತವೂ ಇಲ್ಲದೆ ಬಿಟ್ಟರೆ ದೊಡ್ಡವರ ಹೃದಯ ನಿಮಿಷಕ್ಕೆ ಸುಮಾರು 100 ಸಲ ಬಡಿದುಕೊಳ್ಳುತ್ತದೆ. ಸುಮ್ಮನೆ ಕೂತಾಗ ಅದು 70ರ ಆಸುಪಾಸಿಗೆ ಇಳಿದಿರುವುದು ವೇಗಸ್ ಹಿಡಿದಿಟ್ಟಿರುವುದರಿಂದ. ನರ ಇದನ್ನು ಹೇಗೆ ಮಾಡುತ್ತದೆ ಎಂಬುದನ್ನು 1921ರಲ್ಲಿ ವಿಜ್ಞಾನಿ ಆಟೋ ಲೋವಿ ಎರಡು ಕಪ್ಪೆ ಹೃದಯಗಳನ್ನು ಇಟ್ಟುಕೊಂಡು ತೋರಿಸಿದರು. ಒಂದರ ವೇಗಸ್ ನರವನ್ನು ಕೆರಳಿಸಿದರು, ಬಡಿತ ನಿಧಾನವಾಯಿತು. ಆ ಹೃದಯದ ಸುತ್ತಲಿದ್ದ ದ್ರವವನ್ನು ತೆಗೆದು ಇನ್ನೊಂದಕ್ಕೆ ಹಾಕಿದರು, ಅದೂ ನಿಧಾನವಾಯಿತು. ನರದಿಂದ ಒಂದು ರಾಸಾಯನಿಕ ಹೊರಬರುತ್ತದೆ ಎಂದು ಹೀಗೆ ಗೊತ್ತಾಯಿತು. ಅದು ಅಸಿಟೈಲ್‌ಕೋಲಿನ್. 1936ರಲ್ಲಿ ಲೋವಿ ಮತ್ತು ಹೆನ್ರಿ ಡೇಲ್ ಇಬ್ಬರಿಗೂ ನೊಬೆಲ್ ಬಂತು.

ಮಕ್ಕಳ ವಿಷಯಕ್ಕೆ ಬಂದರೆ, ಈ ಬ್ರೇಕ್ ಹುಟ್ಟುವಾಗ ಪೂರ್ತಿ ತಯಾರಾಗಿರುವುದಿಲ್ಲ. ಆಗ ತಾನೇ ಹುಟ್ಟಿದ ಕೂಸಿನ ಎದೆಬಡಿತ ನಿಮಿಷಕ್ಕೆ 120ರಿಂದ 160. ನರದ ಎಳೆಗಳ ಮೇಲೆ ಮಯಲಿನ್ ಎಂಬ ಪೊರೆ ಕೂತರೆ ಸುದ್ದಿ ಬೇಗ ಹರಿಯುತ್ತದೆ. ವೇಗಸ್‌ನಲ್ಲಿ ಈ ಪೊರೆ ಕೂರುವ ಕೆಲಸ ಗರ್ಭದ ಕೊನೆಯ ಮೂರು ತಿಂಗಳಲ್ಲಿ ಜೋರಾಗಿ ನಡೆದು, ಹುಟ್ಟಿದ ಮೇಲೂ ತಿಂಗಳುಗಟ್ಟಲೆ ಮುಂದುವರಿಯುತ್ತದೆ. ಏಳನೇ ತಿಂಗಳಿಗೇ ಹುಟ್ಟಿದ ಮಗುವಿಗೆ ಆ ಕಾಲವೇ ಕಡಿಮೆ ಬಿದ್ದಿರುತ್ತದೆ. ಅಂಥ ಮಕ್ಕಳು ಹಾಲು ಕುಡಿಯುತ್ತಲೇ ಉಸಿರು ಮರೆಯುವುದು, ಎದೆಬಡಿತ ಇದ್ದಕ್ಕಿದ್ದಂತೆ ಇಳಿದು ಮಾನಿಟರ್ ಕೂಗುವುದು, ಇದರಲ್ಲೆಲ್ಲ ಇನ್ನೂ ಬಲಿಯದ ಮೆದುಳಿನ ಬುಡದ ಪಾಲೂ ಇದೆ, ವೇಗಸ್ ಪಾಲೂ ಇದೆ.

ಇಲ್ಲಿ ಕಾಂಗರೂ ಆರೈಕೆಯ ಮಾತು ಬರಲೇಬೇಕು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಎಂಬ ಮಕ್ಕಳ ವೈದ್ಯರು ಇದನ್ನು ಶುರು ಮಾಡಿದರು. ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲುತ್ತಿರಲಿಲ್ಲ, ಸೋಂಕು ಹೆಚ್ಚಿತ್ತು. ಅದಕ್ಕೆ ತೂಕ ಕಡಿಮೆಯಿರುವ ಕೂಸನ್ನು ತಾಯಿಯ ಬರಿ ಎದೆಗೆ ಕಟ್ಟಿ ಇಟ್ಟರು. ಕೂಸಿಗೆ ಟೋಪಿ, ಡೈಪರ್, ಕಾಲುಚೀಲ ಅಷ್ಟೇ. ಕಾಲು ಕಪ್ಪೆಯ ಹಾಗೆ ಮಡಚಿರಬೇಕು, ತಲೆ ಒಂದು ಪಕ್ಕಕ್ಕೆ ತಿರುಗಿರಬೇಕು, ಮೂಗು ಬಾಯಿ ಕಾಣುತ್ತಿರಬೇಕು. ಮೇಲೆ ಬಟ್ಟೆ ಸುತ್ತಿ ಬಿಗಿ ಮಾಡುತ್ತಾರೆ. ಇಸ್ರೇಲಿನಲ್ಲಿ ರೂತ್ ಫೆಲ್ಡ್‌ಮನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಇಟ್ಟುಕೊಂಡ ಅವಧಿಪೂರ್ವ ಮಕ್ಕಳಲ್ಲಿ ವೇಗಸ್‌ನ ಹಿಡಿತ ಬೇಗ ಬಲಿತಿತ್ತು. ಅದೇ ಮಕ್ಕಳನ್ನು 10 ವರ್ಷವಾದ ಮೇಲೆ ನೋಡಿದಾಗಲೂ ನಿದ್ದೆಯಲ್ಲಿ, ಒತ್ತಡ ತಡೆದುಕೊಳ್ಳುವುದರಲ್ಲಿ ವ್ಯತ್ಯಾಸ ಕಾಣುತ್ತಿತ್ತು. 2021ರಲ್ಲಿ ಐದು ದೇಶಗಳ ದೊಡ್ಡ ಪ್ರಯೋಗವೊಂದರ ಫಲಿತಾಂಶ ಬಂತು. ಭಾರತದಿಂದ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಅದರಲ್ಲಿತ್ತು. 1ರಿಂದ 1.8 ಕೆಜಿ ತೂಕದ ಕೂಸುಗಳಿಗೆ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರು ಮಾಡಿದಾಗ, ಮೊದಲ 28 ದಿನಗಳ ಸಾವು 25% ಇಳಿಯಿತು. ಇದು ವೇಗಸ್ ಒಂದರಿಂದಲೇ ಆದದ್ದು ಎಂದರೆ ತಪ್ಪಾಗುತ್ತದೆ. ಬೆಚ್ಚಗಿರುವುದು, ಎದೆಹಾಲು ಸಿಗುವುದು, ಸೋಂಕು ಕಡಿಮೆಯಾಗುವುದು ಎಲ್ಲ ಸೇರಿದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಸರ್ಕಾರಿ ಆಸ್ಪತ್ರೆಗಳಲ್ಲಿ, ಮನೆಗಳಲ್ಲಿ ಈ ಆರೈಕೆಯ ಬಗ್ಗೆ ಒಳ್ಳೆಯ ಅಧ್ಯಯನ ನಡೆದಿದೆ. ಅಪ್ಪನ ಎದೆಯೂ ಆಗುತ್ತದೆ, ಅಜ್ಜಿಯ ಎದೆಯೂ ಆಗುತ್ತದೆ. ಇದನ್ನು ಇನ್ನೂ ಎಷ್ಟೋ ಮನೆಗಳಿಗೆ ಯಾರೂ ಹೇಳಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಎಣ್ಣೆ ಒತ್ತುವುದರ ಬಗ್ಗೆಯೂ ಇಂಥದ್ದೇ ಪುರಾವೆ ಇದೆ. ಅಮೆರಿಕದ ಟಿಫನಿ ಫೀಲ್ಡ್ ಅವರ ತಂಡ ಅವಧಿಪೂರ್ವ ಮಕ್ಕಳಿಗೆ ಹದವಾದ ಒತ್ತಡದಲ್ಲಿ ಮೈ ನೀವಿದಾಗ ವೇಗಸ್ ಚಟುವಟಿಕೆ ಹೆಚ್ಚಿತು, ಜಠರದ ಚಲನೆ ಹೆಚ್ಚಿತು, ತೂಕವೂ ಚೆನ್ನಾಗಿ ಏರಿತು. ಸುಮ್ನೆ ಮೇಲೆ ಮೇಲೆ ಸವರಿದರೆ ಅಷ್ಟು ಪರಿಣಾಮವಿಲ್ಲ. ಬಾಣಂತನ ಮಾಡುವ ಅಜ್ಜಿಯರ ಕೈಗೆ ಈ ಹದ ಗೊತ್ತಿರುತ್ತದೆ. ಆದರೆ ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಬೇಡವೇ ಬೇಡ. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಡಾಕ್ಟರು ಹೂಂ ಎಂದ ಮೇಲೆ ಮಾತ್ರ ಒತ್ತಬೇಕು.

ಈಗ ಹಠದ ವಿಚಾರ. ಮೂರು ವರ್ಷದ ಮಗು ಅಂಗಡಿ ಮುಂದೆ ನೆಲದ ಮೇಲೆ ಬಿದ್ದು ಹೊರಳಾಡುತ್ತಿದೆ ಅಂದುಕೊಳ್ಳಿ. ಬ್ರೇಕ್ ಬಿಟ್ಟುಹೋಗಿದೆ, ಎದೆ ಡವಡವ, ಉಸಿರು ಚಿಕ್ಕದು, ಮುಖ ಕೆಂಪು. ಆ ಹೊತ್ತಿನಲ್ಲಿ "ಸುಮ್ನಿರು, ಎಲ್ರೂ ನೋಡ್ತಿದಾರೆ" ಎಂದರೆ ಮಗುವಿಗೆ ಕೇಳಿಸಿದರೂ ತನ್ನನ್ನು ತಾನು ತಡೆದುಕೊಳ್ಳಲು ಆಗುವುದಿಲ್ಲ. ಮತ್ತೆ ಬ್ರೇಕ್ ಬೀಳಲು ಸ್ವಲ್ಪ ಹೊತ್ತು ಬೇಕು. ಎತ್ತಿಕೊಂಡು ನಿಧಾನವಾಗಿ ಮಾತಾಡುವ ಒಬ್ಬ ದೊಡ್ಡವರಿದ್ದರೆ ಅದು ಬೇಗ ಆಗುತ್ತದೆ. ಆ ದೊಡ್ಡವರ ಸ್ವಂತ ಉಸಿರು ಹದಕ್ಕೆ ಬಂದಿರಬೇಕು, ಅದೇ ಕಷ್ಟ.

ಸಂಶೋಧಕರು ಮಗುವಿನ ಎದೆಗೆ ಸ್ಟಿಕರ್ ಅಂಟಿಸಿ, ಬಿಡಿಸಲು ಕಷ್ಟವಾದ ಒಗಟು ಕೊಟ್ಟು, ಉಸಿರಿನ ಜೊತೆಗಿನ ಬಡಿತದ ಏರಿಳಿತವನ್ನು ಅಳೆಯುತ್ತಾರೆ. ಈ ಅಳತೆಗೆ ವೇಗಲ್ ಟೋನ್ ಎಂಬ ಹೆಸರು ಬಳಕೆಯಲ್ಲಿದೆ. ಒಗಟು ಬಿಡಿಸುವಾಗ ಏರಿಳಿತ ತಗ್ಗಿ, ಮುಗಿದ ಮೇಲೆ ಮತ್ತೆ ಮೇಲೇರುವ ಮಕ್ಕಳು, ಒಟ್ಟಾರೆ ನೋಡಿದರೆ, ಗಮನ ಮತ್ತು ಭಾವನೆಗಳನ್ನು ನಿಭಾಯಿಸುವುದರಲ್ಲಿ ಸ್ವಲ್ಪ ಮುಂದಿರುತ್ತಾರೆ. ಸ್ವಲ್ಪ ಅಂದರೆ ಸ್ವಲ್ಪವೇ. ನೂರಾರು ಮಕ್ಕಳ ಸರಾಸರಿಯಲ್ಲಿ ಕಾಣುವ ನಂಟನ್ನು ಹಿಡಿದುಕೊಂಡು ಒಂದು ಮಗುವಿನ ಸ್ಮಾರ್ಟ್‌ವಾಚ್ ನೋಡಿ "ಇವನ ವೇಗಸ್ ದುರ್ಬಲ" ಎಂದು ಹೇಳುವುದಕ್ಕೆ ಬರುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಸ್ಟೀಫನ್ ಪೋರ್ಜಸ್ 1990ರ ದಶಕದಲ್ಲಿ ಮುಂದಿಟ್ಟ, ವೇಗಸ್‌ನ ಬೇರೆ ಬೇರೆ ಭಾಗಗಳು ನಮ್ಮ ಭಯ, ನೆಮ್ಮದಿಯನ್ನು ನಡೆಸುತ್ತವೆ ಎನ್ನುವ ಪಾಲಿವೇಗಲ್ ಸಿದ್ಧಾಂತ ಈಗ ಪೇರೆಂಟಿಂಗ್ ತರಗತಿಗಳಲ್ಲಿ ಬಹಳ ಓಡುತ್ತಿದೆ. ಮಗುವಿಗೆ ಮೊದಲು ಸುರಕ್ಷಿತ ಅನ್ನಿಸಬೇಕು ಎಂಬ ಅದರ ಮಾತು ಮನಸ್ಸಿಗೆ ಒಪ್ಪುತ್ತದೆ. ಆದರೆ ನರದ ವಿಕಾಸದ ಬಗ್ಗೆ ಅದು ಹೇಳುವುದನ್ನು ಪಾಲ್ ಗ್ರಾಸ್‌ಮನ್, ಎಡ್ವಿನ್ ಟೇಲರ್ ಅವರಂಥ ವಿಜ್ಞಾನಿಗಳು ಬಲವಾಗಿ ಪ್ರಶ್ನಿಸಿದ್ದಾರೆ. ಸಸ್ತನಿಗಳಲ್ಲಿ ಮಾತ್ರ ಇದೆ ಎಂದು ಆ ಸಿದ್ಧಾಂತ ಹೇಳಿದ ವ್ಯವಸ್ಥೆಯ ಭಾಗಗಳು ಶ್ವಾಸಕೋಶವಿರುವ ಮೀನಿನಲ್ಲೂ ಸಿಕ್ಕಿವೆ. ಪುರಾವೆ ಗಟ್ಟಿಯಾಗಿರುವುದು ಸರಳ ಸಂಗತಿಗೆ: ಉಸಿರನ್ನು ಉದ್ದವಾಗಿ ಬಿಟ್ಟರೆ ಬಡಿತ ನಿಧಾನವಾಗುತ್ತದೆ. ಸೋಪಿನ ಗುಳ್ಳೆ ಊದುವುದು, ಪೀಪಿ ಊದುವುದು, ದೊಡ್ಡ ಮಕ್ಕಳಿಗಾದರೆ ಭ್ರಾಮರಿ. ಇವನ್ನು ಮಗು ಖುಷಿಯಾಗಿರುವಾಗಲೇ ಆಡಿಸಿ ರೂಢಿ ಮಾಡಿಸಬೇಕು. ರಂಪದ ಮಧ್ಯೆ ಹೇಳಿಕೊಟ್ಟರೆ ಯಾವ ಮಗುವೂ ಕಲಿಯದು.

ಸೋಮವಾರ ಬೆಳಿಗ್ಗೆ ಬರುವ ಹೊಟ್ಟೆನೋವನ್ನು ಎಲ್ಲ ಅಪ್ಪ ಅಮ್ಮಂದಿರೂ ನೋಡಿರುತ್ತಾರೆ, ಅಲ್ವಾ? "ಸ್ಕೂಲಿಗೆ ಹೋಗದಿರೋಕೆ ನಾಟಕ" ಎಂದು ಬೈಯುವ ಮುಂಚೆ ಒಂದು ಮಾತು. ಕರುಳು ಮತ್ತು ಮೆದುಳಿನ ನಡುವೆ ವೇಗಸ್ ದಾರಿ ಸದಾ ತೆರೆದಿರುತ್ತದೆ. ಹೆದರಿಕೆ ಕರುಳಿನ ಚಲನೆಯನ್ನು ಬದಲಿಸುತ್ತದೆ, ಕರುಳಿನ ಆ ಸುದ್ದಿ ಮತ್ತೆ ಮೇಲೆ ಹೋಗಿ ನೋವಾಗಿ ಕಾಣುತ್ತದೆ. ಸ್ಕ್ಯಾನ್‌ನಲ್ಲಿ ಏನೂ ಸಿಗದಿದ್ದರೂ ನೋವು ನಿಜವಾಗಿಯೇ ಇರುತ್ತದೆ. ಶಾಲೆಯಲ್ಲಿ ಯಾರು ಕಾಡುತ್ತಿದ್ದಾರೆ, ಯಾವ ಪಾಠ ತಲೆಗೆ ಹತ್ತುತ್ತಿಲ್ಲ ಎಂದು ಕೇಳಿ. ತೂಕ ಇಳಿಯುತ್ತಿದ್ದರೆ, ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಡಾಕ್ಟರಿಗೆ ತೋರಿಸಲೇಬೇಕು. ಕರುಳಿನ ಬ್ಯಾಕ್ಟೀರಿಯಾಗಳೂ ಈ ದಾರಿ ಬಳಸುತ್ತವೆ ಎಂಬುದಕ್ಕೆ 2011ರ ಇಲಿಗಳ ಪ್ರಯೋಗವೊಂದಿದೆ. ಒಂದು ಬಗೆಯ ಲ್ಯಾಕ್ಟೋಬ್ಯಾಸಿಲಸ್ ತಿನ್ನಿಸಿದಾಗ ಇಲಿಗಳ ಆತಂಕ ಇಳಿಯಿತು, ವೇಗಸ್ ಕತ್ತರಿಸಿದ ಇಲಿಗಳಲ್ಲಿ ಇಳಿಯಲಿಲ್ಲ. ಅದು ಇಲಿಯ ಮಾತು. ಮಗುವಿನ ಆತಂಕಕ್ಕೆ ಪ್ರೋಬಯಾಟಿಕ್ ಡಬ್ಬಿ ಮಾರುವವರು ಇದನ್ನೇ ತೋರಿಸಿದರೆ ನಂಬಬೇಡಿ.

ವೇಗಸ್ ಕೆಲವೊಮ್ಮೆ ಅತಿಯಾಗಿಯೂ ಬ್ರೇಕ್ ಹಾಕುತ್ತದೆ. ಆಗಸ್ಟ್ 15ರ ಬೆಳಿಗ್ಗೆ ಶಾಲೆಯ ಮೈದಾನ. ತಿಂಡಿ ತಿನ್ನದೆ ಬಂದ ಹುಡುಗಿ ಬಿಸಿಲಲ್ಲಿ ಅರ್ಧ ಗಂಟೆ ನಿಂತಿದ್ದಾಳೆ. ರಕ್ತ ಕಾಲುಗಳಲ್ಲಿ ನಿಂತಿದೆ. ಮೊದಲು ಆಕಳಿಕೆ, ವಾಕರಿಕೆ, ಮೈ ಬೆವರುವುದು, ಮುಖ ಬಿಳಿಚುವುದು. ಆಮೇಲೆ ಕಣ್ಣು ಕತ್ತಲೆ, ದೂರದಿಂದ ಕೇಳಿದಂಥ ಸದ್ದು. ಎದೆಬಡಿತವೂ ಬಿಪಿಯೂ ಒಟ್ಟಿಗೆ ಕುಸಿದು ಅವಳು ಕೆಳಗೆ ಬೀಳುತ್ತಾಳೆ. ಕೈಕಾಲು ಒಂದೆರಡು ಸಲ ಅದುರಲೂಬಹುದು. ನೋಡಿದವರು ಫಿಟ್ಸ್ ಎಂದು ಕೈಗೆ ಬೀಗದ ಕೀ ಕೊಡುತ್ತಾರೆ, ಈರುಳ್ಳಿ ಮೂಸಿಸುತ್ತಾರೆ, ಎತ್ತಿ ಕೂರಿಸುತ್ತಾರೆ. ಕೂರಿಸುವುದೇ ತಪ್ಪು. ಅಂಗಾತ ಮಲಗಿಸಿ ಕಾಲು ಎತ್ತಿ ಹಿಡಿದರೆ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಎಚ್ಚರವಾಗುತ್ತದೆ. ಇದಕ್ಕೆ ವೇಸೋವೇಗಲ್ ಸಿಂಕಪಿ ಎನ್ನುತ್ತಾರೆ. ಹದಿಹರೆಯದಲ್ಲಿ ಇದು ತುಂಬಾ ಸಾಮಾನ್ಯ. ಆದರೆ ಓಡುತ್ತಿರುವಾಗಲೇ ಬಿದ್ದರೆ, ಎದೆನೋವು ಬಂದು ಬಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನವರು ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ ಅದನ್ನು ವೇಗಸ್ ಎಂದು ಬಿಡಬಾರದು. ಹೃದಯ ಪರೀಕ್ಷೆ ಮಾಡಿಸಬೇಕು.

ಚಿಕ್ಕ ಮಕ್ಕಳಲ್ಲಿ ಇದರ ಇನ್ನೊಂದು ರೂಪ ಉಸಿರು ಕಟ್ಟುವುದು. ಆರು ತಿಂಗಳಿಂದ ಆರು ವರ್ಷದೊಳಗೆ ಕಾಣುತ್ತದೆ. ಹೆಚ್ಚಿನವು ನೀಲಿ ಬಗೆ: ಜೋರಾಗಿ ಅತ್ತು ಅತ್ತು ಉಸಿರು ನಿಂತು ತುಟಿ ನೀಲಿಯಾಗುತ್ತದೆ. ಬಿಳಿ ಬಗೆಯದ್ದು ವೇಗಸ್‌ನದ್ದು: ಸಣ್ಣ ಪೆಟ್ಟು ಬಿತ್ತು, ಬೆಚ್ಚಿತು, ಸರಿಯಾಗಿ ಅಳುವ ಮುಂಚೆಯೇ ಬಿಳಿಚಿ ಮೈ ಸಡಿಲವಾಯಿತು. ಕೆಲವು ಕ್ಷಣ ಹೃದಯ ಬಡಿಯುವುದನ್ನೇ ನಿಲ್ಲಿಸಿ ತಾನಾಗಿ ಮತ್ತೆ ಶುರುವಾಗುತ್ತದೆ. ತಾಯಿಯ ಜೀವವೇ ಬಾಯಿಗೆ ಬರುತ್ತದೆ, ಆದರೆ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಒಂದು ಪಕ್ಕಕ್ಕೆ ಮಲಗಿಸಿ, ಅಲುಗಾಡಿಸಬೇಡಿ, ಬಾಯಿಗೆ ನೀರು ಬಿಡಬೇಡಿ. ಮೊದಲ ಸಲ ಹೀಗಾದಾಗ ಡಾಕ್ಟರಿಗೆ ತೋರಿಸಿ, ಇಸಿಜಿ ಜೊತೆ ಹಿಮೋಗ್ಲೋಬಿನ್, ಕಬ್ಬಿಣದ ಅಂಶವನ್ನೂ ನೋಡಿಸಿ. ಕಬ್ಬಿಣ ಕಡಿಮೆಯಿರುವ ಮಕ್ಕಳಲ್ಲಿ ಇದು ಜಾಸ್ತಿ, ಐರನ್ ಡ್ರಾಪ್ಸ್ ಕೊಟ್ಟರೆ ಎಷ್ಟೋ ಮಕ್ಕಳಲ್ಲಿ ಕಡಿಮೆಯಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ 67% ಮಂದಿಗೆ ರಕ್ತಹೀನತೆ ಇತ್ತು. ಹಾಗಾಗಿ ಈ ಪರೀಕ್ಷೆ ನಮ್ಮಲ್ಲಿ ಇನ್ನೂ ಮುಖ್ಯ.

ಈ ನರವನ್ನು ಚಿಕಿತ್ಸೆಗೂ ಬಳಸುತ್ತಾರೆ. ಮಾತ್ರೆಗೆ ಬಗ್ಗದ ಮೂರ್ಛೆರೋಗವಿದ್ದರೆ ಎಡ ಎದೆಯ ಚರ್ಮದ ಕೆಳಗೆ ಸಣ್ಣ ಯಂತ್ರವಿಟ್ಟು, ಅದರ ತಂತಿಯನ್ನು ಕುತ್ತಿಗೆಯ ಎಡ ವೇಗಸ್‌ಗೆ ಸುತ್ತುತ್ತಾರೆ. ಅಮೆರಿಕದಲ್ಲಿ 1997ರಲ್ಲಿ 12 ವರ್ಷ ಮೇಲ್ಪಟ್ಟವರಿಗೆ ಇದಕ್ಕೆ ಒಪ್ಪಿಗೆ ಸಿಕ್ಕಿತು, 2017ರಲ್ಲಿ ವಯಸ್ಸನ್ನು 4ಕ್ಕೆ ಇಳಿಸಿದರು. ಫಿಟ್ಸ್ ಪೂರ್ತಿ ನಿಲ್ಲುವುದು ಅಪರೂಪ, ಬರುವ ಸಲ ಕಡಿಮೆಯಾಗುತ್ತದೆ. 2019ರಲ್ಲಿ ಅಲ್ಲಿಯೇ 11ರಿಂದ 18 ವರ್ಷದವರ ಕರುಳಿನ ನೋವಿಗೆ, ಕಿವಿಯ ಹಿಂದೆ ಅಂಟಿಸುವ ಒಂದು ಸಾಧನಕ್ಕೂ ಒಪ್ಪಿಗೆ ಸಿಕ್ಕಿದೆ. ಅದನ್ನು ಡಾಕ್ಟರು ಹಾಕುತ್ತಾರೆ, ಕಾಯಿಲೆ ಪತ್ತೆಯಾದ ಮೇಲೆ ಮಾತ್ರ. ಆನ್‌ಲೈನ್‌ನಲ್ಲಿ "ಮಕ್ಕಳ ಏಕಾಗ್ರತೆಗೆ, ಕೋಪಕ್ಕೆ" ಎಂದು ಮಾರುವ ವೇಗಸ್ ಯಂತ್ರಗಳನ್ನು ಇದರ ಜೊತೆ ಸೇರಿಸಬೇಡಿ. ಮಗುವಿನ ಕುತ್ತಿಗೆಯ ಪಕ್ಕವನ್ನು ಒತ್ತಿ ತಿಕ್ಕುವ "ವೇಗಸ್ ಮಸಾಜ್" ವಿಡಿಯೋಗಳನ್ನು ನೋಡಿ ಮನೆಯಲ್ಲಿ ಪ್ರಯೋಗ ಮಾಡಲೇಬೇಡಿ. ಮೆದುಳಿಗೆ ರಕ್ತ ಒಯ್ಯುವ ನಾಳ ಅಲ್ಲೇ ಇದೆ, ಅಲ್ಲಿ ಒತ್ತಿದರೆ ಬಡಿತ ತಟ್ಟನೆ ಇಳಿಯಬಹುದು.