ಸೆಂಟ್ರಿಯೋಲ್ ಎರಡಾಗುವುದು ಹೇಗೆ? ಲೆಕ್ಕ ಇಡುವ ಪ್ರೋಟೀನ್‌ಗಳ ಹಿನ್ನೆಲೆ

ಸೆಂಟ್ರಿಯೋಲ್ ಜಾಸ್ತಿಯಾದರೆ ಕ್ಯಾನ್ಸರ್‌ಗೆ ದಾರಿ ಎನ್ನುತ್ತಾರೆ. ಸರಿಯಾಗಿ ಹುಟ್ಟದಿದ್ದರೆ ಮೆದುಳು ಚಿಕ್ಕದಾಗಿಯೇ ಉಳಿಯುತ್ತದೆ ಎಂದೂ ಹೇಳುತ್ತಾರೆ. ಎರಡೂ ನಿಜ. ಹಾಗಾಗಿಯೇ ಈ ವಿಷಯ ಗೋಜಲಾಗಿದೆ.

ಸೆಂಟ್ರಿಯೋಲ್ ಅಂದರೆ ಕೋಶದೊಳಗಿನ, ಸುಮಾರು ಅರ್ಧ ಮೈಕ್ರಾನ್ ಉದ್ದದ ಕೊಳವೆ. ಕೋಶ ಒಡೆಯುವಾಗ ವರ್ಣತಂತುಗಳನ್ನು ಎರಡು ಬದಿಗೆ ಎಳೆಯುವ ಎಳೆಗಳನ್ನು ಜೋಡಿಸಲು ನೆರವಾಗುತ್ತದೆ. ಕೋಶ ಹುಟ್ಟುವಾಗ ಎರಡಿರುತ್ತವೆ, ಒಡೆಯುವ ಮುಂಚೆ ನಾಲ್ಕಾಗಬೇಕು. ಲೆಕ್ಕ ತಪ್ಪಿದರೆ ವರ್ಣತಂತುಗಳ ಹಂಚಿಕೆಯೂ ತಪ್ಪಬಹುದು. ಜರ್ಮನಿಯ ಜೀವವಿಜ್ಞಾನಿ ಥಿಯೋಡರ್ ಬೊವೇರಿ ಈ ಏರುಪೇರಿಗೂ ಕ್ಯಾನ್ಸರ್‌ಗೂ ನಂಟಿದೆ ಎಂದು 1914ರಲ್ಲೇ ಊಹಿಸಿದ್ದರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅದರ ಆಕಾರ ತೋರಿಸಿತು. ಕಟ್ಟುವವರು ಯಾರು ಎಂದು ತಿಳಿಯಲು ಮತ್ತೆ ಅರ್ಧ ಶತಮಾನ ಹಿಡಿಯಿತು.

ಗಂಟು ಬಿಚ್ಚಿದ್ದು ಒಂದು ಮಿಲಿಮೀಟರ್ ಉದ್ದದ ದುಂಡುಹುಳು, ಸಿ. ಎಲೆಗಾನ್ಸ್. ಅದರ ಭ್ರೂಣದಲ್ಲಿ ಒಂದೊಂದೇ ಜೀನ್ ಕೆಡಿಸಿ ನೋಡಿದಾಗ 2001ರಿಂದ 2005ರೊಳಗೆ ಐದು ಮುಖ್ಯ ಪ್ರೋಟೀನ್‌ಗಳು ಸಿಕ್ಕವು. 2005ರಲ್ಲೇ ನೊಣ ಮತ್ತು ಮನುಷ್ಯರ ಕೋಶಗಳಲ್ಲಿ ಪಿಎಲ್‌ಕೆ4 ಎಂಬ ಕೈನೇಸ್‌ನ (ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವದ) ಪಾತ್ರ ಬೆಳಕಿಗೆ ಬಂತು. ಅದನ್ನು ತೆಗೆದರೆ ಹೊಸ ಸೆಂಟ್ರಿಯೋಲ್ ಹುಟ್ಟುವುದಿಲ್ಲ. ಹೆಚ್ಚಿಸಿದರೆ ಒಂದೇ ಹಳೆಯ, ಅಂದರೆ ತಾಯಿ ಸೆಂಟ್ರಿಯೋಲ್ ಸುತ್ತ ಹೂವಿನ ಎಸಳುಗಳ ಹಾಗೆ ಹಲವು ಮರಿಗಳು ಮೂಡುತ್ತವೆ.

ಅಂದಿನಿಂದ ಪಿಎಲ್‌ಕೆ4 ಅನ್ನೇ ಯಜಮಾನ ಎಂದು ಬರೆಯುವುದು ರೂಢಿಯಾಗಿದೆ. ಆದರೆ ಹತ್ತಿರದಿಂದ ನೋಡಿ. ಮೊದಲು ಅದು ತಾಯಿ ಸೆಂಟ್ರಿಯೋಲ್ ಸುತ್ತ ಉಂಗುರವಾಗಿ ಕೂರುತ್ತದೆ. ಆಮೇಲೆ ಕುಗ್ಗಿ ಒಂದೇ ಚುಕ್ಕೆಯಾಗುತ್ತದೆ. ಆ ಚುಕ್ಕೆಯಲ್ಲಿ ಸ್ಟಿಲ್ ಎಂಬ ಪ್ರೋಟೀನ್‌ಗೆ ಫಾಸ್ಫೇಟ್ ಅಂಟಿಸುತ್ತದೆ, ಸ್ಟಿಲ್ ಹೋಗಿ ಸ್ಯಾಸ್-6 ಎಂಬ ಇನ್ನೊಂದು ಪ್ರೋಟೀನ್ ಅನ್ನು ಹಿಡಿಯುತ್ತದೆ. ಸ್ಯಾಸ್-6ರ ಒಂಬತ್ತು ಜೋಡಿಗಳು ಚಕ್ರವಾಗಿ ಸೇರಬಲ್ಲವು ಎಂದು 2011ರಲ್ಲಿ ಗೊತ್ತಾಯಿತು. ಕೊಳವೆಗೆ ಒಂಬತ್ತು ಮಗ್ಗುಲು ಬರುವ ಗುಟ್ಟು ಬಹುಪಾಲು ಅಲ್ಲೇ ಇದೆ. ಇನ್ನೂ ಸೊಗಸಾದ ಸಂಗತಿಯೆಂದರೆ, ಎರಡು ಪಿಎಲ್‌ಕೆ4 ಒಟ್ಟಿಗೆ ಸೇರಿದರೆ ಒಂದಕ್ಕೊಂದು ಫಾಸ್ಫೇಟ್ ಅಂಟಿಸಿಕೊಳ್ಳುತ್ತವೆ. ಅದೇ ಅವನ್ನು ನಾಶಕ್ಕೆ ಕಳಿಸುವ ಗುರುತು. ಹೆಚ್ಚಾದಷ್ಟೂ ಬೇಗ ಅಳಿಯುತ್ತವೆ. ಯಜಮಾನಿಕೆಗಿಂತ ಈ ಮಿತಿಯೇ ದೊಡ್ಡದು ಅಲ್ವಾ?

ಮರಿ ತಾಯಿಗೆ ಅಂಟಿಕೊಂಡಿರುವಷ್ಟು ಹೊತ್ತು ತಾಯಿ ಮತ್ತೊಂದನ್ನು ಹುಟ್ಟಿಸದು. ವಿಭಜನೆಯ ಕೊನೆಗೆ ಸೆಪರೇಸ್ ಎಂಬ ಕತ್ತರಿಸುವ ಕಿಣ್ವ ಮತ್ತು ಪಿಎಲ್‌ಕೆ1 ಎಂಬ ಇನ್ನೊಂದು ಕೈನೇಸ್ ಸೇರಿ ಅವನ್ನು ಬಿಡಿಸುತ್ತವೆ.

ಈ ಕಥೆಯಲ್ಲಿ ಬೆಂಗಳೂರಿನ ಪಾಲೂ ಇದೆ. ಹೇಳುವವರು ಕಡಿಮೆ. ಹುಟ್ಟಿನಿಂದಲೇ ತಲೆ ಚಿಕ್ಕದಾಗಿರುವ ಮೈಕ್ರೋಸೆಫಲಿಗೆ ಸ್ಟಿಲ್ ಜೀನ್‌ನ ದೋಷವೂ ಕಾರಣ ಎಂದು ಭಾರತೀಯ ಕುಟುಂಬಗಳಲ್ಲಿ ಪತ್ತೆ ಹಚ್ಚಿ 2009ರಲ್ಲಿ ಪ್ರಕಟಿಸಿದ ತಂಡದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ನಿಮ್ಹಾನ್ಸ್‌ನವರಿದ್ದರು. ಸ್ಟಿಲ್ ಹೇಗೆ ಕೆಲಸ ಮಾಡುತ್ತದೆ ಎಂಬುದು ಇನ್ನೂ ಸ್ಪಷ್ಟವಾಗದ ಕಾಲವದು.

2015ರಲ್ಲಿ ಪಿಎಲ್‌ಕೆ4 ತಡೆಯುವ ಸೆಂಟ್ರಿನೋನ್ ಎಂಬ ರಾಸಾಯನಿಕ ಬಂತು. ಸೆಂಟ್ರಿಯೋಲ್ ಕಳೆದುಕೊಂಡ ಆರೋಗ್ಯವಂತ ಕೋಶಗಳು ಕೋಶದ ಕಾವಲು ಪ್ರೋಟೀನ್ ಪಿ53ರ ಅಪ್ಪಣೆಯಂತೆ ವಿಭಜನೆ ನಿಲ್ಲಿಸಿದವು. ಹಲವು ಕ್ಯಾನ್ಸರ್ ಕೋಶಗಳು ಮಾತ್ರ ಒಡೆಯುತ್ತಲೇ ಇದ್ದವು. ಟ್ರಿಮ್37 ಪ್ರೋಟೀನ್ ಜಾಸ್ತಿ ಇರುವ ಕೆಲವು ಸ್ತನ ಕ್ಯಾನ್ಸರ್ ಕೋಶಗಳು ಪಿಎಲ್‌ಕೆ4 ಇಲ್ಲದೆ ಬದುಕಲಾರವು ಎಂದು 2020ರಲ್ಲಿ ತಿಳಿಯಿತು. ಈಗ ಔಷಧ ಹುಡುಕುವವರ ಕಣ್ಣು ಆ ಕೋಶಗಳ ಮೇಲಿದೆ.